ಒಗೆಯಬಾರದ ಬಟ್ಟೆ

ಹೆಗಲಮ್ಮನಿಗೆ ನಾನೊಂದು ಮಾತು ಹೇಳಬೇಕಿತ್ತು. ಇಪ್ಪತ್ತೆಂಟು ವರ್ಷ ಅದನ್ನು ಬಾಯೊಳಗೇ ಇಟ್ಟುಕೊಂಡು ಕೂತೆ. ಹೇಳುವ ಧೈರ್ಯ ಬರುವ ಹೊತ್ತಿಗೆ, ಕೇಳಿ ನೆನಪಿಟ್ಟುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ನನ್ನ ಸ್ವಭಾವವೇ ಹೀಗೆ, ಏನು ಮಾಡಲಿ? ಬಯ್ಯುವ ಮಾತಾದರೆ ಪಟಪಟನೆ ಉದುರುತ್ತದೆ, ತಪ್ಪಾಯಿತು ಅನ್ನುವ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಶಿಶುಗೃಹದಲ್ಲಿ ಎಲ್ಲರೂ ನನ್ನನ್ನು ಸಿಡುಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಅಲ್ಲಿ ನಾನು ಬಟ್ಟೆ ಒಗೆಯುವವಳು. ಮೂವತ್ತನಾಲ್ಕು ವರ್ಷ ಅದೊಂದೇ ಕೆಲಸ. ಹೆತ್ತವರಿಲ್ಲದ, ಇದ್ದೂ ಇಲ್ಲದ ಎಳೆಯ ಕೂಸುಗಳನ್ನು ತಂದು, ದತ್ತು ತೆಗೆದುಕೊಳ್ಳುವವರು ಸಿಗುವ ತನಕ ಸಾಕುವ ಜಾಗ ಅದು. ಮೂವತ್ತಾರು ತೊಟ್ಟಿಲು, ಒಂದು ಪಾಳಿಗೆ ಆರು ಮಂದಿ ಆಯಾಗಳು, ಒಬ್ಬೊಬ್ಬಳಿಗೆ ಆರಾರು ಕೂಸು. ನನ್ನ ಕೋಣೆ ಕಟ್ಟಡದ ಹಿಂಭಾಗದಲ್ಲಿ. ಎರಡು ದೊಡ್ಡ ಹಂಡೆ, ಒಂದು ಕಲ್ಲಿನ ತೊಟ್ಟಿ, ಇಸ್ತ್ರಿಯ ಮೇಜು, ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಗ್ಗ. ದಿನಕ್ಕೆ ಇನ್ನೂರು ಲಂಗೋಟಿ, ಐವತ್ತು ಹಾಸು, ಲೆಕ್ಕವಿಲ್ಲದಷ್ಟು ಅಂಗಿ. ಬಂದದ್ದೆಲ್ಲ ಹಂಡೆಗೆ ಹೋಗಬೇಕು, ಕುದಿಯಬೇಕು. ಸೋಂಕು ತಗಲದಿರಲಿ ಅಂತ ಹಾಗೆ ಮಾಡಿಸುತ್ತಿದ್ದರು.

ಒಂದೇ ಒಂದು ಬಟ್ಟೆಯನ್ನು ಮಾತ್ರ ಒಗೆಯುವ ಹಾಗಿರಲಿಲ್ಲ. ಅದರ ಹಿಂದೆ ಇದ್ದವಳೇ ಹೆಗಲಮ್ಮ.

ಆ ಹೆಸರಿಟ್ಟವಳು ನಾನೇ. ಎಲ್ಲ ಆಯಾಗಳೂ ಕೂಸಿಗೆ ಹಾಲು ಕುಡಿಸಿದ ಮೇಲೆ ತೇಗು ಬರಿಸಲು ಹೆಗಲ ಮೇಲೊಂದು ಬಟ್ಟೆ ಹಾಕಿಕೊಳ್ಳುತ್ತಿದ್ದರು. ಕೂಸು ತೇಗಿದ ತಕ್ಷಣ ತೊಟ್ಟಿಲಿಗೆ ಹಾಕಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಅವರನ್ನು ಯಾಕೆ ಬಯ್ಯಲಿ, ಆರು ಕೂಸು ಅಂದರೆ ಆಟವೇ? ಆದರೆ ಪಾಳಿಯ ಹೊತ್ತಿನಲ್ಲಿ ಇವಳ ಹೆಗಲು ಖಾಲಿ ಇದ್ದದ್ದನ್ನು ನಾನು ಬಹಳ ವರ್ಷ ಕಂಡೇ ಇರಲಿಲ್ಲ. ಒಂದನ್ನು ಹೆಗಲಿಗೆ ಹಾಕಿಕೊಂಡೇ ಇನ್ನೊಂದಕ್ಕೆ ಹಾಲು ಕುಡಿಸುತ್ತಿದ್ದಳು, ಅದನ್ನು ಹೊತ್ತುಕೊಂಡೇ ಮೂರನೆಯದರ ಲಂಗೋಟಿ ಬದಲಿಸುತ್ತಿದ್ದಳು. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು, ಅವಳಿಗೆ ಮೂವತ್ತನಾಲ್ಕು. ಮೊದಲ ದಿನವೇ, ನಿನ್ನ ಹೆಗಲು ಏನು ಬಸ್ ಸ್ಟ್ಯಾಂಡಾ ಅಂತ ಕೇಳಿಬಿಟ್ಟೆ. ಅವಳು ನಕ್ಕಳು. ಆವತ್ತಿನಿಂದ ಅವಳು ನನಗೆ ಅಕ್ಕ.

ಅಕ್ಕನ ಕೆಲಸದ ರೀತಿಯೇ ಬೇರೆ. ಬೇರೆ ಆಯಾಗಳು ಪಾಳಿ ಮುಗಿದಾಗ ಕೂಸು ಅತ್ತ ಮುಖ ಮಾಡಿದ ಹೊತ್ತು ನೋಡಿ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಇವಳು ಮಾತ್ರ ಆರೂ ತೊಟ್ಟಿಲ ಹತ್ತಿರ ನಿಂತು, ನಾನು ಹೋಗ್ತೀನಿ, ನಾಳೆ ಬೆಳಗ್ಗೆ ಬರ್ತೀನಿ ಅಂತ ಹೇಳಿಯೇ ಹೋಗಬೇಕು. ಮೂರು ತಿಂಗಳ ಕೂಸಿಗೆ ಇದೆಲ್ಲ ಅರ್ಥವಾಗುತ್ತದೆಯೇ? ಆರಕ್ಕಾರೂ ಕಿರುಚಿಕೊಳ್ಳುತ್ತಿದ್ದವು. ಸಂಜೆ ಪಾಳಿಯವಳು ಇವಳಿಗೆ ಹಿಡಿಶಾಪ ಹಾಕುತ್ತಿದ್ದಳು. ಯಾಕೆ ಸುಮ್ಮನೆ ಅಳಿಸ್ತೀಯ ಅಂತ ನಾನೂ ಒಮ್ಮೆ ಕೇಳಿದೆ. ಅಳೋ ಮಗು ನಾನು ಬರ್ತೀನಿ ಅಂತ ನಂಬಿರುತ್ತೆ, ಅಳದೇ ಇರೋದರದ್ದೇ ನಂಗೆ ಭಯ ಅಂದಳು. ನನಗೆ ಆವತ್ತು ಅದು ಅರ್ಥವಾಗಲಿಲ್ಲ.

ಅರ್ಥವಾದದ್ದು ಕೆಲವು ವರ್ಷಗಳ ಮೇಲೆ. ಒಂದು ಮಧ್ಯಾಹ್ನ ಒಗೆಯುವ ಕೋಣೆಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ಅವಳೇ ಹೇಳಿದಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ಅವಳನ್ನು ಸೋದರತ್ತೆಯ ಮನೆಗೆ ಕರೆದುಕೊಂಡು ಹೋಗಿ, ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಇಲ್ಲೇ ಇರು, ಅಂಗಡಿಗೆ ಹೋಗಿ ಬಂದುಬಿಡ್ತೀನಿ ಅಂದಳಂತೆ. ಹೋದವಳು ಬರಲಿಲ್ಲ. ಬೇರೆ ಊರಲ್ಲಿ ಬೇರೆ ಮದುವೆಯಾಗಿತ್ತು. ಮಗು ಮೂರು ದಿನ ಆ ಮೆಟ್ಟಿಲು ಬಿಟ್ಟು ಏಳದೆ ಅತ್ತಿತು. ನಾಲ್ಕನೆಯ ದಿನ ತಾನಾಗಿ ಎದ್ದು ಒಳಗೆ ಹೋಗಿ, ಕೊಟ್ಟದ್ದನ್ನು ತಿಂದು, ಮೂಲೆಯಲ್ಲಿ ಮಲಗಿತು. ಮತ್ತೆ ಅಳಲಿಲ್ಲ.

“ಅತ್ತೆ ಎಲ್ಲರ ಮುಂದೆ ಹೊಗಳಿದ್ದೂ ಹೊಗಳಿದ್ದೇ. ಎಂಥ ಜಾಣ ಮಗು, ತಾಯಿನ ಕೇಳೋದೇ ಇಲ್ಲ ಅಂತ,” ಅಂದಳು ಅಕ್ಕ. “ನಾನು ಜಾಣೆ ಆಗಿರಲಿಲ್ಲ, ಸುಮ್ಮನಾಗಿದ್ದೆ, ಅಷ್ಟೆ. ಆಮೇಲೆ ಎಷ್ಟು ಪ್ರಯತ್ನಪಟ್ರೂ ಯಾರ ಮೇಲೂ ಮನಸ್ಸು ಪೂರ್ತಿ ಕೂರಲಿಲ್ಲ.”

ಅದು ನಿಜ. ಹಾಲಿನ ವ್ಯಾನು ಓಡಿಸುತ್ತಿದ್ದವನೊಬ್ಬ ಎರಡು ವರ್ಷ ಅವಳ ಹಿಂದೆ ಬಿದ್ದಿದ್ದ. ಒಳ್ಳೆಯ ಮನುಷ್ಯ, ಕ್ಯಾನು ಇಳಿಸಿದ ಮೇಲೂ ಏನಾದರೊಂದು ನೆಪ ತೆಗೆದು ಅರ್ಧ ಗಂಟೆ ನಿಲ್ಲುತ್ತಿದ್ದ. ಅವನು ಮದುವೆಯ ಮಾತೆತ್ತಿದ ದಿನವೇ ಇವಳು ಪಾಳಿ ಬದಲಿಸಿಕೊಂಡಳು. ಅವನು ಯಾವತ್ತಾದ್ರೂ ಬಿಟ್ಟು ಹೋಗ್ತಾನೆ, ಅದಕ್ಕೆ ನಾನೇ ಮೊದಲು ಹೋದೆ ಅಂದಳು. ನನಗೆ ರೇಗಿಹೋಯಿತು. ಬಾಯಿಗೆ ಬಂದಂತೆ ಬಯ್ದೆ. ಗಂಡನನ್ನು ನಾಲ್ಕೇ ವರ್ಷಕ್ಕೆ ಕಳೆದುಕೊಂಡು ಅಣ್ಣನ ಮನೆ ಸೇರಿದವಳು ನಾನು, ಸಿಕ್ಕಿದ್ದನ್ನು ಕೈಯಾರೆ ದೂಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಆ ಒಗೆಯಬಾರದ ಬಟ್ಟೆಯ ಕ್ರಮ ತಂದವಳೂ ಅಕ್ಕನೇ. ಒಂದು ಕೂಸನ್ನು ದತ್ತು ಕೊಡುವುದು ನಿಶ್ಚಯವಾಯಿತು ಅಂದರೆ ಅಕ್ಕ ಹೊಸ ಹೆಗಲಬಟ್ಟೆ ತೆಗೆದು ಅದರ ಮೂಲೆಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕುತ್ತಿದ್ದಳು. ಹತ್ತು ದಿನ ಅದನ್ನೇ ಹಾಕಿಕೊಳ್ಳಬೇಕು, ಆ ಕೂಸನ್ನು ಅದರ ಮೇಲೇ ಮಲಗಿಸಿಕೊಳ್ಳಬೇಕು. ಬೆವರು, ಹಾಲು, ಜೊಲ್ಲು ಎಲ್ಲ ಅದಕ್ಕೇ ಇಂಗಬೇಕು. ಕೂಸು ಹೋಗುವಾಗ ಬಟ್ಟೆ ಅದರ ಚೀಲದಲ್ಲಿ ಹೋಗುತ್ತಿತ್ತು. ಹೊಸ ಮನೆಯಲ್ಲಿ ಮುಖ ಹೊಸದು, ದನಿ ಹೊಸದು, ಬೆಳಕು ಕೂಡ ಹೊಸದು. ಹಳೆಯದು ಅನ್ನುವುದು ಆ ವಾಸನೆ ಒಂದೇ. ಕೂಸುಗಳು ಅದನ್ನು ಮುಖಕ್ಕೆ ಒತ್ತಿಕೊಂಡು ನಿದ್ದೆ ಮಾಡುತ್ತವೆ ಅಂತ ಹೊಸ ತಾಯಂದಿರು ಫೋನು ಮಾಡಿ ಹೇಳುತ್ತಿದ್ದರು. ಕೆಂಪು ದಾರ ಕಂಡರೆ ಮುಟ್ಟಬೇಡ ಅಂತ ಅಕ್ಕ ನನಗೆ ಹೇಳಿಟ್ಟಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಾನು ತಪ್ಪಿರಲಿಲ್ಲ.

ಹನ್ನೆರಡನೆಯ ವರ್ಷ ಮುಷ್ಟಿ ಬಂದಳು.

ಹೆಣ್ಣುಮಗು, ಹದಿಮೂರು ತಿಂಗಳು. ಎರಡು ಕೈಯನ್ನೂ ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡೇ ಇರುತ್ತಿದ್ದಳು, ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಯಾರು ಎತ್ತಿಕೊಂಡರೂ ಕೋಲಿನ ಹಾಗೆ ಸೆಟೆದುಕೊಂಡು ಸೂರು ನೋಡುತ್ತಿದ್ದಳು. ಅಳುವುದಿಲ್ಲ, ನಗುವುದಿಲ್ಲ. ವಾರಕ್ಕೊಮ್ಮೆ ಬರುವ ಡಾಕ್ಟರು, ಕೆಲವು ಮಕ್ಕಳು ಹುಟ್ಟುವಾಗಲೇ ಇಂಥ ಸ್ವಭಾವ ತಂದಿರುತ್ತವೆ, ಏನೂ ಮಾಡೋಕಾಗಲ್ಲ ಅಂದರು. ಡಾಕ್ಟರು ಅತ್ತ ಹೋದ ಮೇಲೆ ಅಕ್ಕ ಮುಷ್ಟಿಯನ್ನು ಹೆಗಲಿಗೆ ಹಾಕಿಕೊಂಡಳು. ಐದು ತಿಂಗಳು ಇಳಿಸಲೇ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಒಂದು ದಿನ ಪಾಳಿ ಮುಗಿಸಿ, ಹೋಗ್ತೀನಿ, ನಾಳೆ ಬರ್ತೀನಿ ಅಂತ ಎಂದಿನಂತೆ ಹೇಳಿ ಅಕ್ಕ ಬಾಗಿಲ ತನಕ ಹೋದಳು. ಹಿಂದಿನಿಂದ ಮುಷ್ಟಿ ಅತ್ತಳು. ಅದುವರೆಗೆ ಆ ಮಗುವಿನ ಅಳು ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಓಡುತ್ತ ಒಗೆಯುವ ಕೋಣೆಗೆ ಬಂದು ನನ್ನ ಒದ್ದೆ ಕೈ ಹಿಡಿದುಕೊಂಡು, ಅತ್ತಳು, ಮುಷ್ಟಿ ಅತ್ತಳು ಅಂದಳು. ಅವಳ ಕಣ್ಣಲ್ಲಿ ನೀರು. ಅವಳು ಅತ್ತದ್ದನ್ನೂ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲಿನ ಆರು ತಿಂಗಳು ಇಬ್ಬರೂ ಬೇರೆಯೇ ಮನುಷ್ಯರಾದರು. ಮುಷ್ಟಿ ಬೆರಳು ಬಿಡಿಸಿ ಅಕ್ಕನ ಅಂಗಿಯ ಕೊರಳಪಟ್ಟಿ ಹಿಡಿಯುವುದನ್ನು ಕಲಿತಳು. ಅಕ್ಕ ಹಾಡು ಗುನುಗುವುದನ್ನು ಕಲಿತಳು, ದೇವರೇ, ಕಾಗೆ ಕಂಠ. ಮನಸ್ಸು ಪೂರ್ತಿ ಕೂರಲಿಲ್ಲ ಅಂದವಳ ಮನಸ್ಸು ನಲವತ್ತೈದನೆಯ ವಯಸ್ಸಿಗೆ ಕೂತಿತ್ತು. ನನಗೆ ಕೊಡ್ತೀರಾ ಅಂತ ಆಫೀಸಿಗೆ ಹೋಗಿ ಕೇಳಿಯೂ ಬಂದಳು. ಆಯಾಗಳು ದತ್ತು ಪಡೆಯುವ ಹಾಗಿಲ್ಲ ಅಂತ ನಿಯಮವಿತ್ತು. ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳ ಮೇಲೆ ಒಬ್ಬ ಟೀಚರಮ್ಮ, ಅವಳ ಗಂಡ ಬಂದು ಮುಷ್ಟಿಯನ್ನು ಒಪ್ಪಿಕೊಂಡು ಹೋದರು. ಒಳ್ಳೆಯ ಜನ, ಕುಂದು ಹುಡುಕಲು ಏನೂ ಇರಲಿಲ್ಲ. ಅಕ್ಕ ಹೊಸ ಬಟ್ಟೆ ತೆಗೆದು ಕೆಂಪು ದಾರ ಪೋಣಿಸಿದಳು.

ಮುಷ್ಟಿ ಹೋಗುವ ದಿನ ಬೆಳಗ್ಗೆ ನಡೆದದ್ದು ಇಷ್ಟು. ಮನೆಯಲ್ಲಿ ಅತ್ತಿಗೆಯ ಜೊತೆ ಬಚ್ಚಲ ವಿಷಯಕ್ಕೆ ಜಗಳ ಮಾಡಿಕೊಂಡು ಬುಸುಗುಡುತ್ತ ಕೆಲಸಕ್ಕೆ ಬಂದಿದ್ದೆ. ಹೊಸದಾಗಿ ಸೇರಿದ್ದ ಮೇಲ್ವಿಚಾರಕಿ ತೊಟ್ಟಿಲ ಕೋಣೆಯಲ್ಲಿ ನಾರುವ ಬಟ್ಟೆ ಕಂಡು ಎತ್ತಿ ಬುಟ್ಟಿಗೆ ಎಸೆದಿದ್ದಳು. ಬುಟ್ಟಿ ನನ್ನ ಬಳಿ ಬಂತು. ಎಂದಿನಂತೆ ಒಂದೊಂದನ್ನೇ ಕೊಡವಿ ನೋಡಿದ್ದರೆ ಕೆಂಪು ದಾರ ಕಾಣುತ್ತಿತ್ತು. ಸಿಟ್ಟಿನ ಭರದಲ್ಲಿ ಬುಟ್ಟಿಯನ್ನೇ ಹಂಡೆಗೆ ಬೋರಲು ಹಾಕಿದೆ. ಸೋಪು, ಸೋಡಾ ಸುರಿದೆ. ಅರ್ಧ ಗಂಟೆ ಕುದಿಸಿ ಕೋಲಿನಿಂದ ಎತ್ತಿದೆ. ಕೋಲಿನ ತುದಿಯಲ್ಲಿ ಆ ಬಟ್ಟೆ ಬೆಳ್ಳಗೆ ನೇತಾಡುತ್ತಿತ್ತು, ಮೂಲೆಯಲ್ಲಿ ಕೆಂಪು ದಾರ.

ಗೋಡೆ ಗಡಿಯಾರದಲ್ಲಿ ಒಂಬತ್ತಾಗಿತ್ತು. ಟೀಚರಮ್ಮನ ಕಾರು ಬರುವುದು ಹನ್ನೊಂದಕ್ಕೆ.

ಎರಡು ಗಂಟೆ ಇತ್ತು, ಕೇಳಿಸಿಕೊಳ್ಳಿ. ಒಗೆದದ್ದು ಸಿಟ್ಟಿನಲ್ಲಿ ಆದ ತಪ್ಪು, ಅದನ್ನು ಯಾರಾದರೂ ಕ್ಷಮಿಸಿಯಾರು. ಆ ಎರಡು ಗಂಟೆಯಲ್ಲಿ ಹತ್ತು ಹೆಜ್ಜೆ ನಡೆದು ಹೋಗಿ ಹೇಳಿದ್ದರೆ ಅಕ್ಕ ತೊಟ್ಟ ಅಂಗಿಯನ್ನೇ ಬಿಚ್ಚಿ ಮಗುವಿನ ಚೀಲಕ್ಕೆ ಹಾಕುತ್ತಿದ್ದಳು. ನಾನು ಹೇಳಲಿಲ್ಲ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಬಟ್ಟೆ ಹಿಂಡಿದೆ, ಇಸ್ತ್ರಿಯಿಂದಲೇ ಒಣಗಿಸಿದೆ, ನಾಲ್ಕು ಮಡಿಕೆ ಮಾಡಿ ನಾನೇ ಹೋಗಿ ಚೀಲದ ತಳದಲ್ಲಿಟ್ಟೆ. ಇಟ್ಟಿದ್ದೀನಿ ಅಕ್ಕ ಅಂದೆ. ಅವಳು ತಲೆಯಾಡಿಸಿದಳು. ಚೀಲ ತೆರೆದು ನೋಡಲಿಲ್ಲ. ನನ್ನನ್ನು ನಂಬಿದ್ದಳು.

ಕಾರು ಬಂತು. ಬೇರೆ ಮಕ್ಕಳನ್ನು ನಿದ್ದೆ ಮಾಡಿಸಿ ಕಳಿಸುತ್ತಿದ್ದರು, ಅಕ್ಕ ಅದಕ್ಕೆ ಒಪ್ಪಲಿಲ್ಲ. ಮುಷ್ಟಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮೊಣಕಾಲೂರಿ ಕೂತಳು.

“ಇವರ ಜೊತೆ ಹೋಗ್ತೀಯ ನೀನು. ನಾನು ಬರಲ್ಲ. ಅಳು ಬಂದ್ರೆ ಜೋರಾಗಿ ಅಳು, ಇವರು ಎತ್ಕೋತಾರೆ. ನನ್ನ ಬಟ್ಟೆ ನಿನ್ ಹತ್ರನೇ ಇದೆ, ಆಯ್ತಾ?”

ಮುಷ್ಟಿ ಕೊರಳಪಟ್ಟಿ ಹಿಡಿದುಕೊಂಡಳು. ಆ ಬೆರಳುಗಳನ್ನು ಅಕ್ಕ ಒಂದೊಂದಾಗಿ ಬಿಡಿಸಿದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಮೂರನೆಯ ವಾರ ಟೀಚರಮ್ಮ ಒಬ್ಬಳೇ ಬಂದಳು. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಆ ಬಟ್ಟೆ. ಮಗು ಬೆಳಗಿನಿಂದ ಸಂಜೆಯ ತನಕ ಅಳುತ್ತದೆ, ಹಾಲು ಮುಟ್ಟುವುದಿಲ್ಲ ಅಂತ ಆಫೀಸಿನಲ್ಲಿ ಕೂತು ತಾನೂ ಅತ್ತಳು. ಅಕ್ಕನನ್ನು ಕರೆಸಿದರು. ನಾನು ಬುಟ್ಟಿ ಹೊತ್ತು ಅದೇ ಹೊತ್ತಿಗೆ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದೆ. ಕಾಲು ಅಲ್ಲೇ ನಿಂತಿತು.

“ಇದನ್ನ ಕೊಟ್ರೆ ಮೂಸಿ ನೋಡ್ತಾಳೆ, ಬಿಸಾಡ್ತಾಳೆ,” ಅಂದಳು ಟೀಚರಮ್ಮ. “ಆಮೇಲೆ ತಾನೇ ಹೋಗಿ ಮತ್ತೆ ಎತ್ಕೊಂಡು ಮೂಸ್ತಾಳೆ. ಅದೇನು ಹುಡುಕ್ತಾಳೋ ಗೊತ್ತಾಗ್ತಿಲ್ಲ.”

ಅಕ್ಕ ಬಟ್ಟೆಯನ್ನು ಮುಖಕ್ಕೆ ಹಿಡಿದಳು. ಸೋಪಿನ ವಾಸನೆ ಅವಳಿಗೆ ಸಿಕ್ಕಿರಬೇಕು. ಹೆಗಲ ಮೇಲಿದ್ದ ಬಟ್ಟೆಯನ್ನು ಎಳೆದು ಟೀಚರಮ್ಮನ ಕೈಗಿಡಲು ಹೋದಳು. ಮೇಲ್ವಿಚಾರಕಿ ತಡೆದಳು. ಮೂರು ವಾರ ಕಷ್ಟಪಟ್ಟು ಮರೆಯುತ್ತಿರುವ ಮಗುವಿಗೆ ಮತ್ತೆ ನೆನಪು ಮಾಡಿಕೊಡುವುದು ಬೇಡ, ಇನ್ನು ಸ್ವಲ್ಪ ದಿನ ತಡೆಯಿರಿ, ತಾನಾಗಿ ಸರಿಹೋಗುತ್ತದೆ ಅಂದಳು. ಅವಳು ಕೆಟ್ಟವಳಲ್ಲ, ಓದಿದ್ದನ್ನು ಹೇಳಿದಳು. ಟೀಚರಮ್ಮ ಇವಳ ಮುಖ ನೋಡಿದಳು, ಅವಳ ಮುಖ ನೋಡಿದಳು, ಕೊನೆಗೆ ಬರಿಗೈಯಲ್ಲಿ ಎದ್ದು ಹೋದಳು. ಅಕ್ಕನ ಕೈ ಹಾಗೇ ಚಾಚಿಕೊಂಡಿತ್ತು.

ಬಟ್ಟೆಯನ್ನು ಬುಟ್ಟಿಗೆ ಹಾಕಿದವಳು ತಾನೇ ಅಂತ ಮೇಲ್ವಿಚಾರಕಿ ಒಪ್ಪಿಕೊಂಡಳು. ತಪ್ಪೆಲ್ಲ ಅವಳ ತಲೆಗೆ ಬಂತು. ಸಂಜೆ ಅಕ್ಕ ಒಗೆಯುವ ಕೋಣೆಗೆ ಬಂದು, ನಿನ್ನ ಕಣ್ಣಿಗೆ ಬೀಳಲಿಲ್ವಾ ಅಂತ ಮೆಲ್ಲಗೆ ಕೇಳಿದಳು. ಇಲ್ಲ ಅಕ್ಕ, ರಾಶಿಯಲ್ಲಿ ಹೋಗಿಬಿಟ್ಟಿರಬೇಕು ಅಂದೆ. ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ನಾಲ್ಕು ಮಡಿಕೆ ಮಾಡಿ ಅದನ್ನು ಚೀಲದಲ್ಲಿಟ್ಟವಳು ನಾನೇ ಅಂತ ಅವಳಿಗೆ ಗೊತ್ತಿತ್ತು. ಅವಳು ಅದನ್ನು ಯೋಚಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೂ ಹತ್ತು ದಿನ ಕಳೆದ ಮೇಲೆ ಫೋನು ಬಂತು. ಮೇಲ್ವಿಚಾರಕಿ ಖುಷಿಯಿಂದ ಓಡಿಬಂದು, ಮಗು ಹೊಂದಿಕೊಂಡಿತಂತೆ, ಈಗ ಅಳೋದೇ ಇಲ್ಲವಂತೆ, ಕೊಟ್ಟದ್ದು ತಿಂದು ತಾನಾಗಿ ಮಲಗುತ್ತಂತೆ, ತುಂಬ ಜಾಣೆಯಂತೆ ಅಂದಳು. ಎಲ್ಲರೂ ಅಬ್ಬಾ ಅಂತ ಉಸಿರುಬಿಟ್ಟರು. ಅಕ್ಕ ನನ್ನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂತಳು. ಪಾಳಿ ಮುಗಿಯುವ ತನಕ ಏಳಲಿಲ್ಲ. ಆ ದಿನ ಮೊದಲ ಸಲ ಅವಳ ಹೆಗಲು ಖಾಲಿ ಇದ್ದದ್ದನ್ನು ಕಂಡೆ.

ಆಮೇಲೂ ಹದಿನೈದು ವರ್ಷ ಅವಳು ಕೂಸುಗಳನ್ನು ಸಾಕಿದಳು. ಕೆಂಪು ದಾರದ ಬಟ್ಟೆಗಳನ್ನು ತಾನೇ ಕೈಯಲ್ಲಿ ಹಿಡಿದು ಕಾರಿನ ತನಕ ಹೋಗುತ್ತಿದ್ದಳು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಜೊತೆ ಏಗಲಾರದೆ ನಾನು ಅಕ್ಕನ ಎರಡು ಕೋಣೆಯ ಮನೆ ಸೇರಿದೆ. ಕೂಸುಗಳಿಗೆ ಹೇಳಿದ ಹಾಗೆಯೇ ನನಗೂ ಹೇಳುತ್ತಿದ್ದಳು. ನಲ್ಲಿಗೆ ಹೋಗ್ತೀನಿ, ಬಂದೆ. ಅಂಗಡಿಗೆ ಹೋಗ್ತೀನಿ, ಬಂದೆ. ಬಚ್ಚಲಿಗೆ ಹೋಗುವಾಗಲೂ ಹೇಳುತ್ತಿದ್ದಳು. ಅಷ್ಟು ದೂರ ಪ್ರಯಾಣ ಮಾಡ್ತಿದ್ದೀಯ, ಬುತ್ತಿ ಕಟ್ಟಿಕೊಡಲಾ ಅಂತ ನಾನು ಗೇಲಿ ಮಾಡುತ್ತಿದ್ದೆ. ಎಷ್ಟೋ ಸಂಜೆ, ಇವತ್ತು ಹೇಳಿಬಿಡಬೇಕು ಅಂತ ಬಾಯಿ ತೆರೆದು, ಉಪ್ಪು ಮುಗಿದಿದೆ ಅಂತಲೋ ಮತ್ತೇನೋ ಹೇಳಿ ಮುಚ್ಚಿದೆ. ನಾನು ಹೇಳಿದರೆ ಅವಳಿಗೆ ಈ ಲೋಕದಲ್ಲಿ ಇರುವ ಒಂದೇ ಜೀವವೂ ಕೈ ತಪ್ಪುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕೈ ತಪ್ಪುವ ಭಯವಿದ್ದದ್ದು ನನಗೆ.

ನನ್ನ ಕೆಲಸದ ಕೊನೆಯ ವರ್ಷ ಮುಷ್ಟಿ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಕತ್ತರಿಸಿದ ಕೂದಲು, ಹೆಗಲಲ್ಲಿ ಚೀಲ. ಹುಟ್ಟಿದ ದಿನದ ಕಾಗದ ಬೇಕಿತ್ತಂತೆ. ಆಫೀಸಿನವರು ನನ್ನನ್ನು ತೋರಿಸಿದರು. ನಾನು ಅವಳನ್ನು ಮನೆಗೆ ಕರೆದುಕೊಂಡು ಹೋದೆ.

ಅಕ್ಕ ಅವಳ ಕೈಗಳನ್ನು ನೋಡಿದಳು, ಬಿಡಿಸಿಕೊಂಡು ತೊಡೆಯ ಮೇಲಿದ್ದವು. ಹುಡುಗಿಯೇ ಮಾತಾಡಿದಳು. ಅಪ್ಪ ಅಮ್ಮ ತುಂಬ ಒಳ್ಳೆಯವರು, ಏನೂ ಕಡಿಮೆ ಮಾಡಲಿಲ್ಲ. ತಾನು ಈಗ ಬೇರೆ ಊರಿನಲ್ಲಿದ್ದೇನೆ, ವರ್ಷಕ್ಕೊಂದು ಊರು, ವರ್ಷಕ್ಕೊಂದು ಕೋಣೆ. ಅಮ್ಮ ಬೇಜಾರು ಮಾಡಿಕೊಳ್ಳುತ್ತಾಳೆ, ಫೋನು ಮಾಡುವುದಿಲ್ಲ ಅಂತ. ಒಬ್ಬ ಹುಡುಗ ಇದ್ದ, ಅವನನ್ನೂ ಬಿಟ್ಟೆ ಅಂದಳು.

“ನಂಗೆ ಯಾರನ್ನ ಬಿಟ್ಟು ಹೋಗೋದೂ ಕಷ್ಟ ಆಗಲ್ಲ ಆಂಟಿ. ಚಿಕ್ಕವಳಿದ್ದಾಗಿಂದ್ಲೂ ಹಾಗೇ. ತುಂಬ ಜಾಣೆ ಅಂತ ಎಲ್ಲರೂ ಹೇಳ್ತಿದ್ರು,” ಅಂತ ನಕ್ಕಳು.

ನೀವು ನೋಡಿಕೊಂಡಿದ್ದಿರಂತೆ, ಥ್ಯಾಂಕ್ಸ್ ಅಂದಳು. ಚಹಾ ಪೂರ್ತಿ ಕುಡಿಯದೆ ಎದ್ದಳು. ಬೀದಿಯ ತಿರುವಿನ ತನಕ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ತಿರುಗಿ ನೋಡಲಿಲ್ಲ. ಒಂದು ಬಟ್ಟೆ ಒಗೆದದ್ದಕ್ಕೆ ಒಂದು ಜೀವ ಹೀಗಾಗುತ್ತದೆಯೇ? ಹುಟ್ಟುವಾಗಲೇ ತಂದ ಸ್ವಭಾವ ಅಂತ ಡಾಕ್ಟರು ಹೇಳಿರಲಿಲ್ಲವೇ? ಹೊಟ್ಟೆಯಲ್ಲಿದ್ದಾಗ ಏನಾಗಿತ್ತೋ, ನಮ್ಮ ಹತ್ತಿರ ಬರುವ ಮೊದಲಿನ ಹದಿಮೂರು ತಿಂಗಳು ಹೇಗಿತ್ತೋ. ಹೀಗೆಲ್ಲ ಲೆಕ್ಕ ಹಾಕಿ ತಪ್ಪಿಸಿಕೊಳ್ಳಲು ನೋಡಿದೆ. ಆದರೆ ಮೂಸಿ ಬಿಸಾಡಿ, ಮತ್ತೆ ಹೋಗಿ ಎತ್ತಿಕೊಂಡು ಮೂಸಿದ ಮಗು ನನ್ನ ಕಣ್ಣಿಂದ ಹೋಗಲಿಲ್ಲ.

ಅಕ್ಕನ ಮರೆವು ಶುರುವಾದದ್ದು ಆಮೇಲೆ ನಾಲ್ಕು ವರ್ಷಕ್ಕೆ. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಮನೆಯ ದಾರಿ ಮರೆತಳು, ಆಮೇಲೆ ಇಡೀ ದಿನ ಕೂಸುಗಳನ್ನು ಹುಡುಕತೊಡಗಿದಳು. ನನ್ನ ಮಂಡಿ ಕೈಕೊಟ್ಟಿತ್ತು, ಅವಳ ಹಿಂದೆ ಓಡಲಾಗುತ್ತಿರಲಿಲ್ಲ. ಎರಡು ಸಲ ಬೀದಿಯವರು ಹಿಡಿದು ತಂದರು. ಕೊನೆಗೆ ಮರೆವಿನವರನ್ನು ನೋಡಿಕೊಳ್ಳುವ ಒಂದು ಆಶ್ರಮಕ್ಕೆ ಸೇರಿಸಿದೆ. ಸೇರಿಸಿದ ದಿನ ಅಲ್ಲಿನ ನರ್ಸು, ಅವರು ಊಟ ಮಾಡ್ತಿರುವಾಗ ಸುಮ್ಮನೆ ಹೊರಟುಬಿಡಿ, ಹೇಳಿದರೆ ಗಲಾಟೆ ಮಾಡ್ತಾರೆ ಅಂದಳು. ನನಗೆ ಧೈರ್ಯವಿರಲಿಲ್ಲ, ಹಾಗೇ ಮಾಡಿದೆ. ಕತ್ತಲಾಗುವ ತನಕ ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಕೂತಿದ್ದರು ಅಂತ ಮುಂದಿನ ಗುರುವಾರ ನರ್ಸು ಹೇಳಿದಳು. ಆವತ್ತು ಆಶ್ರಮದ ಬಚ್ಚಲಿಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ.

ಅಲ್ಲಿಂದ ಪ್ರತಿ ಗುರುವಾರ ಹೇಳಿಯೇ ಹೋಗುತ್ತೇನೆ. ಹೋಗ್ತೀನಿ ಅಕ್ಕ, ಗುರುವಾರ ಬರ್ತೀನಿ. ಅವಳು ನನ್ನ ಕೊರಳಪಟ್ಟಿ ಹಿಡಿದುಕೊಂಡು ಜೋರಾಗಿ ಅಳುತ್ತಾಳೆ. ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತೇನೆ. ಎಂಥ ಕೆಲಸ ಮಾಡ್ತೀರಿ ಅಂತ ನರ್ಸು ಬಯ್ಯುತ್ತಾಳೆ. ಬಯ್ಯಲಿ.

ಹೋದ ತಿಂಗಳು ಹೇಳಿಬಿಟ್ಟೆ. ಅಕ್ಕ ಕಿಟಕಿಯ ಬಳಿ ಕೂತು, ಸುರುಳಿ ಸುತ್ತಿದ ಟವೆಲನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ನಾನು ಅವಳ ಮೊಣಕಾಲ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಬುಟ್ಟಿ, ಹಂಡೆ, ಕೆಂಪು ದಾರ, ಒಂಬತ್ತು ಗಂಟೆ, ಹನ್ನೊಂದು ಗಂಟೆ. ಅವಳು ತಟ್ಟುವುದನ್ನು ನಿಲ್ಲಿಸಿದಳು. ಬಹಳ ತಿಂಗಳ ಮೇಲೆ ಅವಳ ಕಣ್ಣು ನನ್ನ ಕಣ್ಣಲ್ಲಿ ನಿಂತಿತು.

“ಮುಷ್ಟಿ ಬಟ್ಟೆ ಒಗೆದ್ಬಿಟ್ಯಾ?” ಅಂದಳು.

“ಹೂಂ ಅಕ್ಕ. ತಪ್ಪಾಯ್ತು.”

“ಮಗು ಈಗ ಅಳ್ತಾ ಇದ್ಯಾ?”

ಏನು ಹೇಳಲಿ? ಅಳುವುದು ನಿಲ್ಲಿಸಿ ಇಪ್ಪತ್ತೆಂಟು ವರ್ಷವಾಯಿತು ಅನ್ನಲೇ? ಅದನ್ನು ಕೇಳಿದ ದಿನದ ಅವಳ ಮುಖ ನನಗೆ ನೆನಪಿತ್ತು.

“ಅಳ್ತಾ ಇದೆ,” ಅಂದೆ.

ಅವಳ ಮುಖ ಅರಳಿತು. ಹಾಗಾದರೆ ಇನ್ನೂ ಕಾಯ್ತಿದೆ ಅಂತ ಎದ್ದೇಬಿಟ್ಟಳು. ಟವೆಲು ಕೆಳಗೆ ಬಿತ್ತು. ಬಾಗಿಲಿಗೆ ಹೋಗಿ ಹಿಡಿಕೆ ತಿರುಗಿಸಿದಳು. ಅಲ್ಲಿ ಹಗಲೂ ಬೀಗ. ತೆಗಿ, ಕರೀತಾ ಇದೆ, ಹೋಗ್ಬೇಕು ಅಂತ ಹಿಡಿಕೆ ಅಲುಗಾಡಿಸುತ್ತಲೇ ಇದ್ದಳು. ನಾನು ಪಕ್ಕದಲ್ಲಿ ನಿಂತೆ. ಚಹಾದ ಗಂಟೆ ಹೊಡೆಯುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು. ಚಹಾ ಬಂದ ಮೇಲೆ ಅಲ್ಲಿ ಯಾಕೆ ನಿಂತದ್ದು ಅನ್ನುವುದು ಅವಳಿಗೆ ಮರೆತುಹೋಯಿತು. ನಾನು ಹೇಳಿದ್ದೂ ಅದರ ಜೊತೆಗೇ ಹೋಯಿತು. ಕ್ಷಮಿಸಿದಳೋ ಇಲ್ಲವೋ, ಅವಳನ್ನು ಇನ್ನು ಕೇಳುವ ಹಾಗಿಲ್ಲ.

ಮತ್ತೆ ಅದನ್ನು ಹೇಳಿ ಅವಳನ್ನು ಬಾಗಿಲಿಗೆ ಓಡಿಸುವ ಮನಸ್ಸಾಗಲಿಲ್ಲ. ನನಗೆ ತಿಳಿದ ಒಂದೇ ಕೆಲಸ ಉಳಿದಿತ್ತು. ಒಂದು ಹತ್ತಿ ಬಟ್ಟೆ ತೆಗೆದು ಮೂಲೆಗೆ ಕೆಂಪು ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ಹತ್ತು ದಿನ ಹೆಗಲ ಮೇಲೆ ಹಾಕಿಕೊಂಡೇ ಓಡಾಡಿದೆ, ಅಡಿಗೆ ಮಾಡಿದೆ, ಮಲಗಿದೆ. ಪಕ್ಕದ ಮನೆಯವಳು ಮೂಗು ಮುಚ್ಚಿಕೊಂಡಳು. ಹೋದ ಗುರುವಾರ ಅದನ್ನು ಅಕ್ಕನ ಹೆಗಲಿಗೆ ಹಾಕಿದೆ. ಅವಳು ಕೆನ್ನೆ ಒತ್ತಿದಳು, ಮೂಸಿದಳು.

“ಸಿಡುಕಿ,” ಅಂದಳು.

ಒಂದೂವರೆ ವರ್ಷದಿಂದ ಅವಳು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಆವತ್ತು ನಾನು ಹೊರಡುವಾಗ ಅತ್ತಳು, ಆದರೆ ಬಟ್ಟೆಯೊಳಗೆ ಮುಖ ಹುದುಗಿಸಿಕೊಂಡು ಮೆಲ್ಲಗೆ ಅತ್ತಳು. ಕೊರಳಪಟ್ಟಿ ಹಿಡಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಮಂಡಿ ನೋವು ನೆನಪಾಗಲಿಲ್ಲ.

ಇವತ್ತು ಗುರುವಾರ. ಹೋದೆ. ಅಕ್ಕ ಕಿಟಕಿಯ ಬಳಿ ಕೂತಿದ್ದಳು. ಹೆಗಲ ಮೇಲೆ ಬಟ್ಟೆ ಇತ್ತು, ಬೆಳ್ಳಗೆ, ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ, ಮೂಲೆಯಲ್ಲಿ ಕೆಂಪು ದಾರ. ಅವಳು ಅದನ್ನು ಎತ್ತಿ ಮೂಸಿದಳು, ಕೆಳಗೆ ಹಾಕಿದಳು. ಆಮೇಲೆ ಬಗ್ಗಿ ಎತ್ತಿಕೊಂಡು ಮತ್ತೆ ಮೂಸಿದಳು. ನನ್ನನ್ನು ನೋಡಿ, ನೀವು ಯಾರು ಅಂತ ಕೇಳಿದಳು.

ಬಟ್ಟೆ ಕಿತ್ತುಕೊಂಡು ಕೆಳಗಿಳಿದೆ, ಒಗೆಯುವ ಕೋಣೆ ಎಲ್ಲಿ ಅಂತ ಕೇಳಿಕೊಂಡು ಹೋದೆ, ಸಿಕ್ಕವರ ಜನ್ಮ ಜಾಲಾಡಿಬಿಡಬೇಕು ಅಂತ. ಬಾಗಿಲು ತೆರೆದರೆ ಹಬೆ. ನನ್ನಷ್ಟೇ ದಪ್ಪನೆಯ ಹೆಂಗಸೊಬ್ಬಳು ಮೊಣಕೈ ತನಕ ನೊರೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದಳು. ಕೈಬೆರಳೆಲ್ಲ ನೆನೆದು ಸುಕ್ಕಾಗಿದ್ದವು, ಪಕ್ಕದಲ್ಲಿ ಬೆಟ್ಟದಷ್ಟು ಹಾಸು. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ ಗಾಬರಿಯಾದಳು.

“ಯಾಕಮ್ಮಾ, ಕಲೆ ಉಳ್ಕೊಂಡಿದ್ಯಾ? ತುಂಬ ವಾಸನೆ ಇತ್ತು ಅಂತ ಎರಡು ಸಲ ಕುದಿಸಿದ್ನಲ್ಲ.”

ಬಾಯಿ ತುಂಬ ಬೈಗುಳ ಇಟ್ಟುಕೊಂಡು ಹೋದವಳು ನಾನು. ಒಂದೂ ಹೊರಗೆ ಬರಲಿಲ್ಲ.

“ಇಲ್ಲಮ್ಮ,” ಅಂದೆ. “ಎಲ್ಲಾ ಹೋಗಿದೆ.”